ತೊಳೆದ ಲಾರಿ ಬೇಗ ಒಣಗಬೇಕು: ಬಿಸಿಗಾಳಿ ಬೇಕಾ, ಬರೀ ಗಾಳಿ ಸಾಕಾ?

ಪ್ರಶ್ನೆ: ಸರ್, ನಮ್ಮದು ಹುಬ್ಬಳ್ಳಿಯಲ್ಲಿ ಸಣ್ಣ ಟ್ರಾನ್ಸ್‌ಪೋರ್ಟ್. 32 ಅಡಿಯ ಮುಚ್ಚಿದ ಕಂಟೇನರ್ ಗಾಡಿಗಳು ಆರು, ಓಪನ್ ಬಾಡಿ ಲಾರಿಗಳು ನಾಲ್ಕು ಇವೆ. ಮೊದಲು ಹೊರಗೆ ವಾಟರ್ ಸರ್ವಿಸ್‌ಗೆ ಬಿಡುತ್ತಿದ್ದೆವು. ಈಗ ಬೈಪಾಸ್ ಹತ್ತಿರ ನಮ್ಮ ಶೆಡ್ಡಿನಲ್ಲೇ ತೊಳೆಯುತ್ತೇವೆ. ತೊಳೆಯೋದಕ್ಕೆ ಮುಕ್ಕಾಲು ಗಂಟೆ, ಒಣಗೋದಕ್ಕೆ ಎರಡು ಎರಡೂವರೆ ಗಂಟೆ. ಮಳೆಗಾಲದಲ್ಲಿ ಒಣಗೋದೇ ಇಲ್ಲ. ಒಳಗೆ ನೆಲ ಹಸಿ ಇದೆ ಅಂತ ಫ್ಯಾಕ್ಟರಿ ಗೇಟಿನಿಂದ ಗಾಡಿ ವಾಪಸ್ ಬಂದಿದ್ದೂ ಇದೆ. ಅದರಲ್ಲಿ ಒಂದು ಗಾಡಿ ಹೋದ ವರ್ಷ ಯೂರಿಯಾ ಸಾಗಿಸಿತ್ತು. ಎಷ್ಟು ಒರೆಸಿದರೂ ಬೆಳಿಗ್ಗೆ ಅದರ ನೆಲ ಮತ್ತೆ ಜಿಗಿಜಿಗಿ. ಹೊರಗಡೆ ಬಿಳಿ ಚುಕ್ಕೆ ಉಳಿಯುತ್ತವೆ. ನಮ್ಮ ಬೋರ್ ನೀರಿನ ಟಿಡಿಎಸ್ 1150. ಒಬ್ಬರು ಬಿಸಿಗಾಳಿ ಬಿಡುವ ಕಮಾನು ಹಾಕಿಸಿ ಅಂತ ಕೊಟೇಶನ್ ಕೊಟ್ಟಿದ್ದಾರೆ. ಡ್ರೈವರ್‌ಗಳು ‘ಮಾಲಕ್ರೇ, ಡೀಸೆಲ್ ಹಾಕಿ ಒರೆಸಿದ್ರ ಆತು, ಇಲ್ಲಾ ಹತ್ತು ಕಿಲೋಮೀಟರ್ ಓಡಿಸಿದ್ರ ತಾನ ಒಣಗ್ತದ’ ಅಂತಾರೆ. ನಮ್ಮಲ್ಲಿ 5 ಎಚ್‌ಪಿ ಕಂಪ್ರೆಸರ್ ಇದೆ, ಅದು ಸಾಲದಾ? ಹೋದ ತಿಂಗಳು ರಾತ್ರಿ ತೊಳೆದು ನಿಲ್ಲಿಸಿದ ಗಾಡಿಗೆ ಬೆಳಿಗ್ಗೆ ಹಿಂದಿನ ಬ್ರೇಕ್ ಜಾಮ್ ಆಗಿತ್ತು. ಏನು ಮಾಡಬೇಕು, ಏನು ಕೊಳ್ಳಬೇಕು ತಿಳಿಸಿ.

ಉತ್ತರ: ನಿಮ್ಮದು ಒಂದೇ ಪ್ರಶ್ನೆಯ ಹಾಗೆ ಕಾಣುತ್ತದೆ, ಆದರೆ ಒಳಗೆ ಮೂರಿವೆ. ಲೋಡ್ ತುಂಬುವ ಪೆಟ್ಟಿಗೆಯ ಒಳಗಿನ ನೆಲ ಒಂದು. ಜನ ನೋಡುವ ಹೊರಮೈ ಇನ್ನೊಂದು. ಬ್ರೇಕ್, ಆಕ್ಸಲ್, ಸ್ಪ್ರಿಂಗ್ ಪ್ಲೇಟ್ ಇರುವ ಕೆಳಭಾಗ ಮೂರನೆಯದು. ಮೂರಕ್ಕೂ ಒಣಗಿಸುವ ದಾರಿ ಬೇರೆ ಬೇರೆ. ನೀವು ಮೂರನ್ನೂ ಒಂದೇ ಯಂತ್ರದಿಂದ ಒಣಗಿಸಲು ನೋಡುತ್ತಿದ್ದೀರಿ. ಕೊಟೇಶನ್ ಕೊಟ್ಟವರಿಗೂ ಬೇಕಾಗಿದ್ದು ಅದೇ.

ನಿಮ್ಮ ಗಾಡಿ ವಾಪಸ್ ಬಂದಿದ್ದು ಒಳಗಿನ ನೆಲದಿಂದ. ಬ್ರೇಕ್ ಜಾಮ್ ಆಗಿದ್ದು ಕೆಳಭಾಗದಿಂದ. ಹೊರಮೈ ಹಸಿ ಇತ್ತು ಅಂತ ಯಾವ ಗೇಟಿನವರೂ ಗಾಡಿ ತಿರುಗಿಸುವುದಿಲ್ಲ. ಆದರೂ ಎರಡು ಗಂಟೆ ಕಾಯುತ್ತಿರುವುದು ಬಹುಪಾಲು ಹೊರಮೈಗಾಗಿಯೇ, ಅಲ್ವಾ? ಹಾಗಾಗಿ ಮೊದಲು ಅದನ್ನೇ ಮುಗಿಸಿಬಿಡೋಣ.

ಹೊರಮೈ: ನೀರನ್ನು ಆರಿಸಬೇಡಿ, ಇಳಿಸಿ

32 ಅಡಿ ಉದ್ದ, 8 ಅಡಿ ಅಗಲ, 8 ಅಡಿ ಎತ್ತರದ ಪೆಟ್ಟಿಗೆ ಅಂತ ಇಟ್ಟುಕೊಳ್ಳಿ. ಎರಡು ಪಕ್ಕ, ಚಾವಣಿ, ಮುಂದಿನ ಗೋಡೆ, ಬಾಗಿಲು ಎಲ್ಲ ಸೇರಿ ಸುಮಾರು 900 ಚದರಡಿ ಆಗುತ್ತದೆ. ತೊಳೆದ ಮೇಲೆ ಅದರ ಮೇಲೆ ಬರೀ 0.1 ಮಿಲಿಮೀಟರ್ ನೀರಿನ ಪದರ ನಿಂತರೂ 8 ಲೀಟರ್ ನೀರು. ಇಷ್ಟು ನೀರನ್ನು ಆವಿ ಮಾಡಲು, ಹಾಕಿದ ಬಿಸಿಯೆಲ್ಲ ನೀರಿಗೇ ಸೇರಿದರೂ, 5 ಯೂನಿಟ್‌ಗಿಂತ ಜಾಸ್ತಿ ಕರೆಂಟ್ ಬೇಕು. ಕಾಲು ಗಂಟೆಯಲ್ಲಿ ಆಗಬೇಕೆಂದರೆ 20 ಕಿಲೋವ್ಯಾಟ್‌ಗೂ ಮೇಲಿನ ಹೀಟರ್ ಬೇಕು. ತೆರೆದ ಶೆಡ್ಡಿನಲ್ಲಿ ಬಿಸಿಯ ಬಹುಭಾಗ ಗಾಳಿಗೆ ಹೋಗುತ್ತದೆ, ತಗಡಿಗೆ ಹೋಗುತ್ತದೆ. ಆಗ ಲೆಕ್ಕ ಹಲವು ಪಟ್ಟು ಏರುತ್ತದೆ. ನಿಮ್ಮ ಶೆಡ್ಡಿನ ಮೀಟರಿನ ಮಂಜೂರಾದ ಲೋಡ್ ಎಷ್ಟು ಅಂತ ಒಮ್ಮೆ ಬಿಲ್ ತೆಗೆದು ನೋಡಿ. ಬಿಸಿಗಾಳಿ ಕಮಾನಿನ ಬಗ್ಗೆ ನಾನು ಇನ್ನೇನೂ ಹೇಳಬೇಕಾಗುವುದಿಲ್ಲ.

ಇನ್ನೊಂದು ಮಾತು. ಆ 8 ಲೀಟರ್ ನೀರು ಆರಿಹೋದರೂ ಅದರಲ್ಲಿ ಕರಗಿದ್ದು ಆರುವುದಿಲ್ಲ. ಟಿಡಿಎಸ್ 1150 ಅಂದರೆ ಲೀಟರಿಗೆ 1150 ಮಿಲಿಗ್ರಾಂ ಲವಣ. 8 ಲೀಟರಿಗೆ ಸುಮಾರು 9 ಗ್ರಾಂ. ಚಹಾ ಚಮಚದಲ್ಲಿ ಸುಮಾರು ಎರಡು ಚಮಚ ಉಪ್ಪನ್ನು ಗಾಡಿಯ ಮೇಲೆ ಉದುರಿಸಿದ ಲೆಕ್ಕ. ನಿಮ್ಮ ಬಿಳಿ ಚುಕ್ಕೆಗಳು ಅವೇ. ಬಿಸಿಲಿಗೆ ನಿಲ್ಲಿಸಿದರೂ ಚುಕ್ಕೆ ಬರುತ್ತದೆ, ಬಿಸಿಗಾಳಿ ಬಿಟ್ಟರೂ ಬರುತ್ತದೆ. ಬೇಗ ಆರಿಸಿದರೆ ಚುಕ್ಕೆ ಬೇಗ ಬರುತ್ತದೆ, ಅಷ್ಟೇ.

ಹಾಗಾಗಿ ನೀರು ನೀರಾಗಿಯೇ ಕೆಳಗಿಳಿಯಬೇಕು. ಹಿಂಡದೆ ಬಟ್ಟೆ ಒಣಹಾಕಿದರೆ ಏನಾಗುತ್ತದೋ ನಿಮ್ಮ ಶೆಡ್ಡಿನಲ್ಲಿ ಈಗ ಅದೇ ಆಗುತ್ತಿದೆ. ಹಿಂಡುವ ಕೆಲಸ ಶುರುವಾಗುವುದು ಕೊನೆಯ ನೀರು ಹೊಡೆಯುವ ರೀತಿಯಲ್ಲಿ.

ಸಾಮಾನ್ಯವಾಗಿ ಹುಡುಗರು ಸೋಪಿನ ನೊರೆ ತೆಗೆಯಲು ಪ್ರೆಶರ್ ಗನ್ನನ್ನೇ ಹಿಡಿದು ಕೊನೆವರೆಗೂ ಹೊಡೆಯುತ್ತಾರೆ. ಜೋರಾದ ನೀರು ತಗಡಿಗೆ ಬಡಿದು ಪುಡಿಯಾಗುತ್ತದೆ. ಸಾವಿರಾರು ಸಣ್ಣ ಹನಿಗಳು ಅಲ್ಲಲ್ಲೇ ಅಂಟಿಕೊಳ್ಳುತ್ತವೆ. ಸಣ್ಣ ಹನಿಗೆ ಕೆಳಗಿಳಿಯುವಷ್ಟು ತೂಕ ಇರುವುದಿಲ್ಲ. ಅದರ ಬದಲು ಕೊನೆಯ ಸುತ್ತಿಗೆ ಗನ್ ಕೆಳಗಿಡಿ. ನಾಜಲ್ ಇಲ್ಲದ ಬರೀ ಪೈಪಿನಿಂದ, ಮೆಲ್ಲಗೆ, ಮೇಲಿನ ಅಂಚಿನಿಂದ ನೀರು ಹರಿಯಬಿಡಿ. ನೀರು ಹಾಳೆಯ ಹಾಗೆ ಒಟ್ಟಿಗೆ ಇಳಿಯುತ್ತದೆ, ಇಳಿಯುವಾಗ ಮೇಲಿದ್ದ ಹನಿಗಳನ್ನೂ ಎಳೆದುಕೊಂಡು ಹೋಗುತ್ತದೆ. ಖರ್ಚಿಲ್ಲದ ಉಪಾಯ ಇದು. ನಾಳೆ ಒಂದೇ ಗಾಡಿಯ ಒಂದು ಪಕ್ಕಕ್ಕೆ ಹೀಗೆ, ಇನ್ನೊಂದು ಪಕ್ಕಕ್ಕೆ ಹಳೆಯ ಹಾಗೆ ಮಾಡಿ ನೋಡಿ. ಹುಡುಗರಿಗೆ ನೀವು ಬಾಯಲ್ಲಿ ಹೇಳುವ ಅಗತ್ಯವೇ ಇರುವುದಿಲ್ಲ.

ಗಾಡಿ ನಿಲ್ಲುವ ಜಾಗವೂ ಸಪಾಟಾಗಿ ಇರಬಾರದು. ಸಪಾಟು ನೆಲದಲ್ಲಿ ಚಾವಣಿಯ ತಗ್ಗುಗಳಲ್ಲಿ ನೀರು ನಿಲ್ಲುತ್ತದೆ. ಗಾಡಿ ಹೊರಟು ಮೊದಲ ಬ್ರೇಕ್ ಹಾಕಿದಾಗ ಅದು ಒಟ್ಟಿಗೆ ಮುಂದಿನ ಗಾಜಿನ ಮೇಲೆ ಸುರಿಯುತ್ತದೆ. ಎಲ್ಲ ಡ್ರೈವರಿಗೂ ಗೊತ್ತಿರುವ ಸ್ನಾನ ಅದು. ನೆಲಕ್ಕೆ ಸ್ವಲ್ಪ ಇಳಿಜಾರು ಕೊಡಿ, ನೂರು ಅಡಿಗೆ ಒಂದೆರಡು ಅಡಿಯಷ್ಟಾದರೂ. ಈಗಿರುವ ನೆಲ ಒಡೆಯಲು ಆಗದಿದ್ದರೆ ಮುಂದಿನ ಚಕ್ರಗಳನ್ನು ಗಟ್ಟಿಯಾದ ತಗ್ಗು ರ್‍ಯಾಂಪಿನ ಮೇಲೆ ಹತ್ತಿಸಿ ನಿಲ್ಲಿಸಿ. ಚಾವಣಿಯ ನೀರು ಒರೆಸಲು ಮಾತ್ರ ಯಾರನ್ನೂ ಮೇಲೆ ಹತ್ತಿಸಬೇಡಿ. ಒದ್ದೆ ತಗಡು, ಹದಿಮೂರು ಅಡಿ ಎತ್ತರ, ಹಿಡಿಯಲು ಏನೂ ಇಲ್ಲ. ಶೆಡ್ಡಿನ ಹತ್ತಿರ ಕರೆಂಟ್ ತಂತಿ ಹಾದುಹೋಗಿದ್ದರಂತೂ ಬೇಡವೇ ಬೇಡ. ಉದ್ದ ಕೋಲಿಗೆ ವೈಪರ್ ಕಟ್ಟಿ ನೆಲದಿಂದಲೇ ಎಳೆಯಿರಿ. ಎಟುಕದಿದ್ದರೆ ಹಾಗೇ ಬಿಡಿ.

ಇನ್ನು ನೀರಿನ ವಿಷಯ. ಸಾಫ್ಟನರ್ ಹಾಕಿಸಿದರೆ ಚುಕ್ಕೆ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಅದು ಅರ್ಧ ಸತ್ಯ. ಸಾಫ್ಟನರ್ ನೀರಿನ ಕ್ಯಾಲ್ಸಿಯಂ ತೆಗೆದು ಅದರ ಜಾಗಕ್ಕೆ ಸೋಡಿಯಂ ಕೊಡುತ್ತದೆ. ಟಿಡಿಎಸ್ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಚುಕ್ಕೆ ಬರುತ್ತದೆ, ಆದರೆ ಒದ್ದೆ ಬಟ್ಟೆಗೆ ಸುಲಭವಾಗಿ ಹೋಗುತ್ತದೆ. ಸೋಪು ಚೆನ್ನಾಗಿ ನೊರೆ ಬರುತ್ತದೆ ಅನ್ನುವುದೂ ನಿಜ. ಚುಕ್ಕೆಯೇ ಬೇಡ ಅಂದರೆ ಕೊನೆಯ ಸುತ್ತಿಗೆ ಆರ್‌ಓ ನೀರು ಬೇಕು. ಇಡೀ ಗಾಡಿಗಲ್ಲ. ಕೊನೆಯ ಹರಿಸುವ ನೀರಿಗೆ ಮಾತ್ರ, ಗಾಡಿಗೆ 40-50 ಲೀಟರ್ ಸಾಕು. ಆರ್‌ಓ ಹೊರಗೆ ಬಿಡುವ ಉಪ್ಪು ನೀರನ್ನು ಚಾಸಿಯ, ಅಂದರೆ ಗಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟಿನ, ಕೊನೆಯ ತೊಳೆತಕ್ಕೆ ಬಳಸಬೇಡಿ, ತುಕ್ಕಿಗೆ ನೀವೇ ದಾರಿ ಮಾಡಿಕೊಟ್ಟ ಹಾಗಾಗುತ್ತದೆ. ಮೊದಲ ಕೆಸರು ನೆನೆಸಲು, ಶೆಡ್ಡಿನ ನೆಲ ತೊಳೆಯಲು ಬಳಸಿ.

ನನ್ನನ್ನು ಕೇಳಿದರೆ ಆರ್‌ಓಗೂ ಮೊದಲು ಶೆಡ್ಡಿನ ಚಾವಣಿ ನೋಡಿ. ಮಳೆ ನೀರಿನಲ್ಲಿ ಲವಣ ಇರುವುದೇ ಬಹಳ ಕಡಿಮೆ. 1000 ಚದರಡಿ ತಗಡಿನ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 2,300 ಲೀಟರ್ ಆಗುತ್ತದೆ. ಮೊದಲು ಬೀಳುವ ಕೊಳೆ ನೀರನ್ನು ಹೊರಗೆ ಬಿಟ್ಟು ಉಳಿದದ್ದನ್ನು ಟ್ಯಾಂಕಿಗೆ ತುಂಬಿ. ಒಂದು ಒಳ್ಳೆ ಮಳೆಗೆ ಸುಮಾರು 40 ಗಾಡಿಗಳ ಕೊನೆಯ ಸುತ್ತಿನ ನೀರು ಬಂತು. ನಳದ ನೀರು ಬಳಸಿ ಅಂತ ಮಾತ್ರ ನಾನು ಹೇಳುವುದಿಲ್ಲ. ಹುಬ್ಬಳ್ಳಿಯಲ್ಲಿ ಕುಡಿಯಲಿಕ್ಕೇ ನಳದ ನೀರಿಗೆ ದಿನಗಟ್ಟಲೆ ಕಾಯುವ ಓಣಿಗಳಿವೆ. ಬೆಂಗಳೂರಲ್ಲಿ 2024ರ ಮಾರ್ಚ್‌ನಲ್ಲಿ ಜಲಮಂಡಳಿ ಗಾಡಿ ತೊಳೆಯಲು ಕುಡಿಯುವ ನೀರು ಬಳಸಿದವರಿಗೆ 5,000 ರೂಪಾಯಿ ದಂಡ ಅಂತ ಆದೇಶವನ್ನೇ ಹೊರಡಿಸಿತ್ತು.

ಈಗಾಗಲೇ ಕೂತಿರುವ ಹಳೆ ಚುಕ್ಕೆಗೆ ಟಾಯ್ಲೆಟ್ ತೊಳೆಯುವ ಆಸಿಡ್ ಹಚ್ಚುವವರಿದ್ದಾರೆ. ಚುಕ್ಕೆ ಹೋಗುತ್ತದೆ, ಜೊತೆಗೆ ತಗಡಿನ ಸತುವಿನ ಲೇಪವೂ ಹೋಗುತ್ತದೆ, ಅಲ್ಯೂಮಿನಿಯಂ ಕಪ್ಪಾಗುತ್ತದೆ. ನೀರು ಬೆರೆಸಿದ ವಿನೆಗರ್ ಹಚ್ಚಿ, ಐದು ನಿಮಿಷ ಬಿಟ್ಟು ತೊಳೆಯಿರಿ. ನಿಧಾನ, ಆದರೆ ಸಾಕು.

ಕಂಪ್ರೆಸರ್ ಸಾಲದಾ?

ಸಾಲದು. 5 ಎಚ್‌ಪಿ ಕಂಪ್ರೆಸರ್ ನಿಮಿಷಕ್ಕೆ ಕೊಡುವುದು ಸುಮಾರು 15-20 ಘನ ಅಡಿ ಗಾಳಿ. 3 ಮಿಲಿಮೀಟರ್ ತೂತಿನ ಒಂದೇ ಗನ್ ಅಷ್ಟನ್ನೂ ನುಂಗುತ್ತದೆ. ಗಾಳಿ ಜೋರು, ಆದರೆ ಅಗಲ ನಾಲ್ಕು ಬೆರಳು. 900 ಚದರಡಿಯನ್ನು ನಾಲ್ಕು ಬೆರಳಿನಲ್ಲಿ ಒರೆಸುತ್ತಾ ಹೋದರೆ ಯಾವಾಗ ಮುಗಿಯಬೇಕು? ಅದರ ಮೇಲೆ ಕಂಪ್ರೆಸರ್ ಗಾಳಿಯಲ್ಲಿ ನೀರು, ಎಣ್ಣೆ ಎರಡೂ ಬರುತ್ತವೆ. ಫಿಲ್ಟರ್ ಇಲ್ಲದಿದ್ದರೆ ಗಾಡಿ ಒಣಗುವ ಬದಲು ಎಣ್ಣೆಯ ಸಣ್ಣ ಹನಿ ಹಿಡಿಯುತ್ತದೆ.

ಕಂಪ್ರೆಸರಿಗೆ ಅದರದ್ದೇ ಜಾಗ ಇದೆ. ಬಾಗಿಲಿನ ಕೀಲು, ಲಾಕ್ ರಾಡ್, ಸ್ಪ್ರಿಂಗ್ ಪ್ಲೇಟುಗಳ ಸಂದು, ಲೈಟಿನ ಅಂಚು, ಕ್ಯಾಬಿನ್ ಮೆಟ್ಟಿಲಿನ ಮೂಲೆ. ಬ್ಲೋವರ್ ತಲುಪದ ಸಂದುಗೊಂದಿಗೆ ಅದೇ ಬೇಕು. ವೈರಿಂಗ್ ಕನೆಕ್ಟರುಗಳಿಗೆ ಮಾತ್ರ ಹತ್ತಿರದಿಂದ ಜೋರಾಗಿ ಊದಬೇಡಿ. ನೀರು ಹೊರಗೆ ಬರುವ ಬದಲು ರಬ್ಬರ್ ಸೀಲ್ ದಾಟಿ ಒಳಗೆ ಹೋಗುತ್ತದೆ. ಬಿಎಸ್-6 (ಹೊಸ ಹೊಗೆ ನಿಯಮದ) ಗಾಡಿಗಳಲ್ಲಿ ಸೆನ್ಸರ್ ಜಾಸ್ತಿ, ಒಂದು ಕನೆಕ್ಟರ್ ಒದ್ದೆಯಾದರೂ ಡ್ಯಾಶ್‌ಬೋರ್ಡಿನಲ್ಲಿ ದೀಪ ಉರಿಯುತ್ತದೆ. ತೊಳೆಯುವಾಗಲೂ ಅಷ್ಟೇ, ಅಲ್ಲಿ ಪ್ರೆಶರ್ ಗನ್ ಒಂದು ಅಡಿಗಿಂತ ಹತ್ತಿರ ಹೋಗಬಾರದು.

ಇನ್ನೊಂದು ಚಟ ನಿಮ್ಮ ಶೆಡ್ಡಿನಲ್ಲೂ ಇರುತ್ತದೆ. ಕೆಲಸ ಮುಗಿದ ಮೇಲೆ ಹುಡುಗರು ಅದೇ ಗನ್ನಿನಿಂದ ಮೈಮೇಲಿನ ಬಟ್ಟೆ ಒಣಗಿಸಿಕೊಳ್ಳುತ್ತಾರೆ, ಒಬ್ಬರಿಗೊಬ್ಬರು ಊದಿ ತಮಾಷೆ ಮಾಡುತ್ತಾರೆ. ಅದನ್ನು ಇವತ್ತೇ ನಿಲ್ಲಿಸಿ. ಆ ಒತ್ತಡದ ಗಾಳಿ ಗಾಯದ ಮೂಲಕ ಮೈಯೊಳಗೆ ಹೋದರೆ ಜೀವಕ್ಕೇ ಅಪಾಯ. ಕಣ್ಣು, ಕಿವಿಯ ತಮಟೆ ಹೋಗುವುದಂತೂ ಕ್ಷಣದ ಕೆಲಸ.

ಹೊರಮೈಗೆ ನಿಮಗೆ ಬೇಕಾಗಿರುವುದು ಬ್ಲೋವರ್. ಒತ್ತಡ ಕಡಿಮೆ, ಗಾಳಿ ಜಾಸ್ತಿ. ಅಷ್ಟೇ ಎಚ್‌ಪಿಯ ಬ್ಲೋವರ್ ಕಂಪ್ರೆಸರಿಗಿಂತ ಹತ್ತಾರು ಪಟ್ಟು ಗಾಳಿ ತಳ್ಳುತ್ತದೆ. ಎರಡು ದಾರಿ ಇದೆ. ಒಂದು, ಟ್ರಾಲಿ ಮೇಲೆ ಕೂರಿಸಿದ ತ್ರೀ ಫೇಸ್ ಬ್ಲೋವರಿಗೆ ಬಾಗುವ ಅಗಲದ ಪೈಪ್ ಹಾಕಿಕೊಳ್ಳುವುದು. ಇನ್ನೊಂದು, ಬೆನ್ನಿಗೆ ಹಾಕಿಕೊಳ್ಳುವ ಪೆಟ್ರೋಲ್ ಬ್ಲೋವರ್. ಒಳ್ಳೆಯ ಬೆನ್ನು ಬ್ಲೋವರಿನ ಬಾಯಲ್ಲಿ ಗಾಳಿಯ ವೇಗ ಗಂಟೆಗೆ 200 ಕಿಲೋಮೀಟರ್ ದಾಟುತ್ತದೆ. ತೋಟಕ್ಕೆ ಔಷಧ ಹೊಡೆಯುವ ಹಳೆಯ ಪವರ್ ಸ್ಪ್ರೇಯರ್ ಮನೆಯಲ್ಲಿದೆ, ಅದರಿಂದ ಬರೀ ಗಾಳಿ ಬಿಟ್ಟರೆ ಆಗುತ್ತಾ ಅಂತ ಕೇಳುವವರಿದ್ದಾರೆ. ಗಾಳಿ ಬರುತ್ತದೆ. ಆದರೆ ಒಮ್ಮೆ ಕೀಟನಾಶಕ ಹೊಡೆದ ಯಂತ್ರವನ್ನು ಅಕ್ಕಿ, ಸಕ್ಕರೆ ತುಂಬುವ ಗಾಡಿಯ ಹತ್ತಿರ ತರಬೇಡಿ.

ನಿಮ್ಮ ಹಾಗೆ ದಿನಕ್ಕೆ ಒಂದೆರಡು ಗಾಡಿ ತೊಳೆಯುವವರಿಗೆ ಟ್ರಾಲಿ ಬ್ಲೋವರ್ ಮೇಲು. ಅದನ್ನೇ ಒಳಗಿನ ನೆಲಕ್ಕೂ ಬಳಸಬಹುದು. ಪೆಟ್ರೋಲ್ ಬ್ಲೋವರನ್ನು ಕಂಟೇನರ್ ಒಳಗೆ ಬಳಸುವ ಹಾಗಿಲ್ಲ. ಅದರ ಹೊಗೆಯ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಮುಚ್ಚಿದ ಪೆಟ್ಟಿಗೆಯಲ್ಲಿ ಮನುಷ್ಯ ತಲೆಸುತ್ತಿ ಬೀಳುವವರೆಗೂ ಗೊತ್ತಾಗುವುದಿಲ್ಲ. ಟ್ರಾಲಿ ಬ್ಲೋವರಿನ ಅಪಾಯ ಕರೆಂಟು. ಒದ್ದೆ ನೆಲದ ಮೇಲೆ ವೈರ್ ಎಳೆದಾಡುತ್ತೀರಿ. 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಇಲ್ಲದೆ ಅದನ್ನು ಶುರು ಮಾಡಲೇಬೇಡಿ. ಅರ್ಥಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕೈಲಿ ಅಳೆಸಿ.

ಊದುವ ರೀತಿಯೂ ಗೊತ್ತಿರಬೇಕು. ಮೇಲಿನಿಂದ ಕೆಳಕ್ಕೆ, ಗಾಳಿಯ ಬಾಯನ್ನು ಓರೆಯಾಗಿ ಕೆಳಮುಖ ಹಿಡಿದು, ಒಂದು ಅಡಿಯೊಳಗಿನ ದೂರದಿಂದ. ಕಂಟೇನರಿನ ಪಕ್ಕದ ತಗಡು ಅಲೆಅಲೆಯಾಗಿರುತ್ತದೆ, ಆ ಗಾಡಿಗಳಲ್ಲಿ ವೈಪರ್ ಕೆಲಸ ಮಾಡುವುದಿಲ್ಲ. ಅಲೆಯ ಗುಂಡಿಯ ಉದ್ದಕ್ಕೂ ಗಾಳಿ ಇಳಿಸಿದರೆ ನೀರು ಸಾಲಾಗಿ ಕೆಳಗೆ ಓಡುತ್ತದೆ. ಅಡ್ಡ ಊದಿದರೆ ಒಂದು ಗುಂಡಿಯಿಂದ ಇನ್ನೊಂದಕ್ಕೆ ಹಾರುತ್ತದೆ, ಅಷ್ಟೇ. ಗಾಜು, ಕನ್ನಡಿ, ಲೈಟ್, ನಂಬರ್ ಪ್ಲೇಟ್ ಮಾತ್ರ ಮೈಕ್ರೋಫೈಬರ್ ಬಟ್ಟೆಯಿಂದ ಕೈಯಲ್ಲೇ ಒರೆಸಿ. ಕಿವಿಗೆ ಇಯರ್ ಪ್ಲಗ್ ಕೊಡಿ, ಕಣ್ಣಿಗೆ ಕನ್ನಡಕ ಕೊಡಿ. ಇವುಗಳ ಸದ್ದು ಕಿವಿ ಕೆಡಿಸುವಷ್ಟಿರುತ್ತದೆ.

ಕೆಳಗಿನ ಅಂಚಿನಲ್ಲಿ ನೀರು ಇಳಿಯಲು ಸಣ್ಣ ತೂತುಗಳಿರುತ್ತವೆ. ಬಹಳ ಗಾಡಿಗಳಲ್ಲಿ ಅವು ಮಣ್ಣು ತುಂಬಿ ಮುಚ್ಚಿರುತ್ತವೆ. ಒಂದು ತಂತಿ ಹಾಕಿ ಬಿಡಿಸಿ. ಮೂರು ದಿನವಾದರೂ ತೊಟ್ಟಿಕ್ಕುವ ಗಾಡಿಗಳ ಗುಟ್ಟು ಅದೇ.

ಡ್ರೈಯಿಂಗ್ ಏಜೆಂಟ್ ಅನ್ನುವ ದ್ರವ ಸಿಗುತ್ತದೆ. ಬಹಳ ತೆಳ್ಳಗೆ ನೀರಿಗೆ ಬೆರೆಸಿ ಕೊನೆಗೆ ಸಿಂಪಡಿಸಿದರೆ ನೀರು ತಗಡಿಗೆ ಅಂಟದೆ ಗುಂಡಗಾಗಿ ಜಾರುತ್ತದೆ. ಸುಳ್ಳಲ್ಲ, ಕೆಲಸ ಮಾಡುತ್ತದೆ. ಆದರೆ ಮೊದಲು ಸೋಪು ಪೂರ್ತಿ ಹೋಗಿರಬೇಕು. ಸೋಪಿನ ಜೊತೆ ಸೇರಿದರೆ ಎರಡೂ ಕೆಟ್ಟು ಬಿಳಿ ಪೊರೆ ಕಟ್ಟುತ್ತದೆ. ಮುಂದಿನ ಗಾಜಿಗೆ, ಹತ್ತುವ ಮೆಟ್ಟಿಲಿಗೆ, ಪೆಟ್ಟಿಗೆಯ ಒಳಗೆ ಹಾಕಬಾರದು. ಮೊದಲು ಬ್ಲೋವರ್ ಮತ್ತು ಕೊನೆಯ ನೀರು ಸರಿಮಾಡಿಕೊಳ್ಳಿ. ಆಮೇಲೂ ಬೇಕು ಅನಿಸಿದರೆ ಇದನ್ನು ನೋಡಿ.

ಡೀಸೆಲ್ ಒರೆಸುವುದು, ಓಡಿಸಿ ಒಣಗಿಸುವುದು

ಡೀಸೆಲ್‌ನಿಂದ ಗಾಡಿ ಒಣಗುವುದಿಲ್ಲ, ಮಿಂಚುತ್ತದೆ. ಮಿಂಚನ್ನು ನೋಡಿ ಒಣಗಿದೆ ಅಂದುಕೊಳ್ಳುತ್ತಾರೆ. ಅದರ ಎಣ್ಣೆ ಪದರಕ್ಕೆ ಮುಂದಿನ ಇಪ್ಪತ್ತು ಕಿಲೋಮೀಟರಿನ ಧೂಳೆಲ್ಲ ಅಂಟುತ್ತದೆ. ಬುಷ್, ಹೋಸ್‌ಗಳ ರಬ್ಬರ್ ಊದಿ ಮೆತ್ತಗಾಗುತ್ತದೆ. ಬ್ರೇಕ್ ಲೈನಿಂಗಿಗೆ (ಉಜ್ಜಿ ಚಕ್ರ ನಿಲ್ಲಿಸುವ ಪಟ್ಟಿಗೆ) ತಾಗಿದರೆ ಬ್ರೇಕ್ ಜಾರುತ್ತದೆ. ಬಿಸಿ ಸೈಲೆನ್ಸರ್ ಹತ್ತಿರ ಬೆಂಕಿಯ ಭಯ ಇದೆ. ಹಳೆ ಇಂಜಿನ್ ಆಯಿಲನ್ನು ಚಾಸಿಗೆ ಹೊಡೆಯುವುದು ಇನ್ನೂ ಕೆಟ್ಟದ್ದು. ಬಳಸಿದ ಆಯಿಲ್ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಅದು ನಿಮ್ಮ ಚರಂಡಿಗೆ ಇಳಿದರೆ ಕೇಳುವವರು ಬರುತ್ತಾರೆ.

ಓಡಿಸಿ ಒಣಗಿಸುವುದರಲ್ಲಿ ನಿಜಾಂಶ ಇದೆ. ಹೈವೇಯಲ್ಲಿ ಐವತ್ತು ಅರವತ್ತರ ವೇಗದಲ್ಲಿ ಪಕ್ಕದ ತಗಡು ಬೇಗ ಒಣಗುತ್ತದೆ. ಆದರೆ ಕ್ಯಾಬಿನ್ ಹಿಂಭಾಗ, ಬಾಗಿಲಿನ ಕೀಲು, ಫ್ಲೋರಿನ ಅಡಿ ಹಾಗೇ ಹಸಿ ಇರುತ್ತವೆ. ನಿಮ್ಮ ಶೆಡ್ಡಿನಿಂದ ಡಾಂಬರ್ ರಸ್ತೆಗೆ ಹೋಗುವ ದಾರಿ ಮಣ್ಣಿನದಾದರೆ ಹಸಿ ಚಾಸಿಗೆ ಅಲ್ಲೇ ಮಣ್ಣು ಮೆತ್ತುತ್ತದೆ. ತೊಳೆದದ್ದು ದಂಡ. ದಾರಿ ಕಾಂಕ್ರೀಟಿನದಾಗಿದ್ದರೆ, ಬ್ಲೋವರ್ ಆದ ಮೇಲೆ ಉಳಿದ ತೇವಕ್ಕೆ ಓಡಿಸಿದರೆ ಸಾಕು. ಅದಕ್ಕಾಗಿ ಬೇರೆ ಕಾಯುವ ಅಗತ್ಯ ಇಲ್ಲ.

ಒಳಗಿನ ನೆಲ

ಗೇಟಿನಲ್ಲಿ ನಿಮಗೆ ದುಡ್ಡು ಕಳೆಯುತ್ತಿರುವುದು ಇದು. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಮೊದಲನೆಯದು, ಒಳಗೆ ನೀರು ಸುರಿಯುವುದೇ ಕಡಿಮೆ ಮಾಡಿ. ರಟ್ಟಿನ ಪೆಟ್ಟಿಗೆ, ಬಿಸ್ಕತ್ತು, ಸೋಪು ಸಾಗಿಸಿದ ಗಾಡಿಗೆ ಗುಡಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಅಭ್ಯಾಸಕ್ಕೆ ಸುಮ್ನೆ ಪೈಪ್ ಹಿಡಿಯುತ್ತಾರೆ. ನೆಲ ಚೆಕರ್ ಪ್ಲೇಟಿನದಾದರೆ (ಉಬ್ಬು ಗೆರೆಯ ದಪ್ಪ ತಗಡಿನದಾದರೆ) ನೀರು ಜೋಡಣೆಯ ಸಂದಿಗೆ ಇಳಿಯುತ್ತದೆ. ಪ್ಲೈವುಡ್ ಆದರೆ ಮರವೇ ಕುಡಿಯುತ್ತದೆ. ಮೇಲೆ ಮುಟ್ಟಿದರೆ ಒಣ, ಒಳಗೆ ಹಸಿ. ಬಾಗಿಲು ಮುಚ್ಚಿ ಬಿಸಿಲಲ್ಲಿ ಓಡಿದಾಗ ಆ ತೇವ ಆವಿಯಾಗಿ ಮೇಲೇಳುತ್ತದೆ, ರಾತ್ರಿ ಚಾವಣಿ ತಣ್ಣಗಾದಾಗ ಹನಿಯಾಗಿ ಮಾಲಿನ ಮೇಲೆ ಬೀಳುತ್ತದೆ. ಲೋಡ್ ಇಳಿಸುವಾಗ ‘ಚಾವಣಿ ಸೋರುತ್ತಿದೆ’ ಅಂತ ಜಗಳ ಆಗುವುದು ಬಹಳ ಸಲ ಹೀಗೇ.

ಎರಡನೆಯದು, ಸರದಿ ಬದಲಿಸಿ. ಈಗ ಹೊರಗೆ ತೊಳೆದು ಆಮೇಲೆ ಒಳಗೆ ತೊಳೆಯುತ್ತಿದ್ದರೆ ತಿರುಗಿಸಿ. ಗಾಡಿ ಬಂದ ಕೂಡಲೇ ಒಳಗೆ ಮುಗಿಸಿ. ನಿಂತ ನೀರನ್ನು ವೈಪರಿನಿಂದ ಹೊರಗೆಳೆಯಿರಿ. ಮೂಲೆ, ಸಂದಿನ ನೀರನ್ನು ನೀರೆಳೆಯುವ ವ್ಯಾಕ್ಯೂಮ್ ಕ್ಲೀನರಿನಿಂದ ಹೀರಿಸಿ. ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಸಮಯ ಉಳಿಸುವ ಸಾಮಾನು ಅಂದರೆ ಇದೇ. ಆಮೇಲೆ ಗಾಳಿ ಬಿಟ್ಟು, ಹೊರಗೆ ಕ್ಯಾಬಿನ್ ಕಡೆಯಿಂದ ತೊಳೆಯುತ್ತಾ ಬನ್ನಿ. ಬಾಗಿಲಿನ ಭಾಗ ಕೊನೆಗಿರಲಿ. ಹೊರಗೆ ಮುಗಿಯುವಷ್ಟರಲ್ಲಿ ಒಳಗೆ ಅರ್ಧಕ್ಕಿಂತ ಹೆಚ್ಚು ಒಣಗಿರುತ್ತದೆ.

ಮೂರನೆಯದು, ಗಾಳಿ ಬಿಡುವ ಜಾಗ. ಕಂಟೇನರಿಗೆ ಇರುವುದು ಒಂದೇ ಬಾಯಿ. ಬಾಗಿಲಲ್ಲಿ ಫ್ಯಾನ್ ಇಟ್ಟು ಒಳಗೆ ಊದಿದರೆ ಆಚೆ ಕೊನೆಯ ಹಸಿ ಗಾಳಿ ಅಲ್ಲೇ ತಿರುಗುತ್ತಿರುತ್ತದೆ. ಬ್ಲೋವರಿನ ಪೈಪನ್ನು ಮುಂದಿನ ಗೋಡೆಯವರೆಗೆ ಎಳೆದು ಅಲ್ಲಿ ಗಾಳಿ ಬಿಡಿ. ಹಸಿ ಗಾಳಿಗೆ ಬಾಗಿಲ ಕಡೆಗೆ ಬರದೆ ಬೇರೆ ದಾರಿ ಇರುವುದಿಲ್ಲ.

ಮಳೆಗಾಲದಲ್ಲಿ ಮಾತ್ರ ಬಿಸಿ ಕೆಲಸಕ್ಕೆ ಬರುತ್ತದೆ, ಅದೂ ಒಳಗಡೆ. ಹೊರಗಿನ ಗಾಳಿಯಲ್ಲೇ ಶೇಕಡ 90 ತೇವಾಂಶ ಇದ್ದರೆ ಅದು ನಿಮ್ಮ ನೆಲದ ನೀರನ್ನು ಎಲ್ಲಿ ತುಂಬಿಕೊಳ್ಳಬೇಕು? ಅದೇ ಗಾಳಿಯನ್ನು 10 ಡಿಗ್ರಿ ಬಿಸಿ ಮಾಡಿದರೆ ತೇವಾಂಶದ ಶೇಕಡ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಕೆಲವು ಕಿಲೋವ್ಯಾಟಿನ ಎಲೆಕ್ಟ್ರಿಕ್ ಹೀಟರ್ ಇರುವ ಸಣ್ಣ ಬ್ಲೋವರ್ ಇದಕ್ಕೆ ಸಾಕು. ಪೆಟ್ಟಿಗೆಯೊಳಗೆ ಬಿಸಿ ಅಷ್ಟು ಬೇಗ ಹೊರಗೆ ಹೋಗುವುದಿಲ್ಲವಲ್ಲ. ಗ್ಯಾಸ್ ಬರ್ನರ್, ಇದ್ದಿಲ ಒಲೆ ಒಳಗೆ ಇಡಬೇಡಿ. ಹೊಗೆಯ ವಿಷ ಒಂದು ಕಡೆ, ಗ್ಯಾಸ್ ಉರಿದಾಗಲೂ ನೀರಾವಿ ಹುಟ್ಟುತ್ತದೆ ಅನ್ನುವುದು ಇನ್ನೊಂದು ಕಡೆ.

ಇನ್ನು ನಿಮ್ಮ ಯೂರಿಯಾ ಗಾಡಿ. ಅದು ಒಣಗುತ್ತದೆ, ಆದರೆ ಮತ್ತೆ ನೀರು ಕುಡಿಯುತ್ತದೆ. ಗಾಳಿಯ ತೇವಾಂಶ ಶೇಕಡ 73-75 ದಾಟಿದರೆ ಯೂರಿಯಾ ಗಾಳಿಯಿಂದಲೇ ನೀರು ಎಳೆದುಕೊಂಡು ಕರಗಲು ಶುರು ಮಾಡುತ್ತದೆ. ಅಡುಗೆ ಉಪ್ಪೂ ಸುಮಾರು ಅಷ್ಟರಲ್ಲೇ ನೀರೂರುತ್ತದೆ. ಸಕ್ಕರೆಗೆ ಇನ್ನೂ ಜಾಸ್ತಿ ತೇವ ಬೇಕು. ಮಳೆಗಾಲದ ಹುಬ್ಬಳ್ಳಿಯ ಬೆಳಗಿನ ಗಾಳಿ ಆ ಗೆರೆಯನ್ನು ದಾಟೇ ಇರುತ್ತದೆ. ನೆಲದ ಸಂದಿನಲ್ಲಿ, ಮರದ ಎಳೆಯಲ್ಲಿ ಕೂತ ಗೊಬ್ಬರ ದಿನಾ ರಾತ್ರಿ ಹೊಸದಾಗಿ ಒದ್ದೆಯಾಗುತ್ತಿದೆ. ನೀವು ಒರೆಸುತ್ತಿರುವುದು ನಿಮ್ಮ ಪೈಪಿನ ನೀರನ್ನಲ್ಲ.

ಅದಕ್ಕೆ ಮದ್ದು ಗಾಳಿಯಲ್ಲ, ಗೊಬ್ಬರ ತೆಗೆಯುವುದು. ಯೂರಿಯಾ ನೀರಿನಲ್ಲಿ ಬಹಳ ಸುಲಭವಾಗಿ ಕರಗುತ್ತದೆ, ಅದೊಂದು ಪುಣ್ಯ. ಒಣಗಿದ್ದಾಗ ಸಂದುಗಳನ್ನು ಕೆರೆದು ವ್ಯಾಕ್ಯೂಮ್ ಮಾಡಿ. ಆಮೇಲೆ ಸ್ವಲ್ಪವೇ ಬಿಸಿನೀರು ಹಾಕಿ, ಬ್ರಷ್ ಆಡಿಸಿ, ಕೂಡಲೇ ವ್ಯಾಕ್ಯೂಮಿನಿಂದ ಹೀರಿಸಿ. ಎರಡು ಮೂರು ಸಲ ಹೀಗೆ ಮಾಡಿ. ಪೈಪ್ ಹಿಡಿದು ಹೊಡೆದರೆ ಕರಗಿದ್ದು ಇನ್ನೂ ಆಳಕ್ಕೆ ಇಳಿಯುತ್ತದೆ. ಇಷ್ಟಾದರೂ ಜಿಗುಟು ಉಳಿದರೆ ಆ ಪ್ಲೈವುಡ್ ಬದಲಿಸಿ. ಬದಲಿಸುವವರೆಗೆ ಆ ಗಾಡಿಯನ್ನು ಅಕ್ಕಿ, ಸಕ್ಕರೆ, ಹಿಟ್ಟಿನ ಲೋಡಿಗೆ ಕಳಿಸಬೇಡಿ. ಆಗುವುದಾದರೆ ಗೊಬ್ಬರಕ್ಕೆ ಒಂದು ಗಾಡಿ ಬೇರೆಯಾಗಿಯೇ ಇಟ್ಟುಬಿಡಿ.

ನೆಲ ನಿಜವಾಗಿ ಒಣಗಿದೆಯಾ ಅಂತ ತಿಳಿಯಲು ಎರಡು ಅಡಿ ಚದರದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ. ಒಂದು ತಾಸು ಬಿಡಿ. ಹಾಳೆಯ ಒಳಮೈಯಲ್ಲಿ ಮಂಜು ಕೂತಿದ್ದರೆ ಒಳಗೆ ಇನ್ನೂ ನೀರಿದೆ. ಪ್ರತಿ ಗಾಡಿಗೂ ಇದು ಬೇಡ. ಗೇಟಿನಲ್ಲಿ ಕಿರಿಕಿರಿ ಮಾಡುವ ಕಂಪನಿಗೆ ಹೋಗುವ ಗಾಡಿಗೆ, ಮತ್ತೆ ನಿಮ್ಮ ಆ ಯೂರಿಯಾ ಗಾಡಿಗೆ ಮಾಡಿ.

ಓಪನ್ ಬಾಡಿ ಲಾರಿಗಳಿಗೆ ಇಷ್ಟೆಲ್ಲ ಇಲ್ಲ. ಹಿಂದಿನ ಬಾಗಿಲು ತೆಗೆದು ಗಾಳಿಗೆ ಬಿಟ್ಟರೆ ಹಲಗೆ ತಾನೇ ಒಣಗುತ್ತದೆ. ಟಾರ್ಪಾಲ್ ಮಾತ್ರ ಹಸಿ ಇರುವಾಗ ಮಡಚಿಡಬೇಡಿ, ಬೂಷ್ಟು ಹಿಡಿದು ಮಡಿಕೆಯಲ್ಲೇ ಹರಿಯುತ್ತದೆ.

ಬ್ರೇಕ್ ಮತ್ತು ಕೆಳಭಾಗ

ದೂರದಿಂದ ಬಂದ ಗಾಡಿಯ ಬ್ರೇಕ್ ಡ್ರಮ್, ಅಂದರೆ ಚಕ್ರದ ಜೊತೆ ತಿರುಗುವ ಬಟ್ಟಲು, ಸುಡುತ್ತಿರುತ್ತದೆ. ಅದರ ಮೇಲೆ ತಣ್ಣೀರು ಹೊಡೆದರೆ ಡ್ರಮ್ ಬಿರುಕು ಬಿಡಬಹುದು. ಮೊದಲು ಒಳಗಿನ ಕೆಲಸ ಶುರು ಮಾಡಿ ಅಂದಿದ್ದಕ್ಕೆ ಇದೂ ಒಂದು ಕಾರಣ. ಅಷ್ಟರಲ್ಲಿ ಚಕ್ರ ತಣ್ಣಗಾಗುತ್ತದೆ.

ತೊಳೆದ ಮೇಲೆ ಡ್ರಮ್ ಒಳಗೆ ನೀರು ಹೋಗಿರುತ್ತದೆ. ಅದನ್ನು ಊದಿ ತೆಗೆಯಲು ಆಗುವುದಿಲ್ಲ. ಬ್ರೇಕಿನ ಬಿಸಿಯೇ ತೆಗೆಯಬೇಕು. ಶೆಡ್ಡಿನ ಆವರಣದಲ್ಲೇ, ಅಥವಾ ಖಾಲಿ ರಸ್ತೆಯಲ್ಲಿ, ಹದಿನೈದು ಇಪ್ಪತ್ತರ ವೇಗದಲ್ಲಿ ಮೆಲ್ಲಗೆ ಬ್ರೇಕ್ ಒತ್ತಿ ಒತ್ತಿ ಬಿಡಬೇಕು. ಗಾಡಿ ಒಂದು ಕಡೆ ಎಳೆಯುವುದು ನಿಂತರೆ, ಪೆಡಲ್ ಎಂದಿನ ಹಾಗೆ ಹಿಡಿದರೆ ಸರಿಯಾಯಿತು. ಇದನ್ನು ಮಾಡದೆ ಯಾವ ಗಾಡಿಯನ್ನೂ ಹೈವೇಗೆ ಬಿಡಬೇಡಿ. ಅಂದ ಹಾಗೆ, ಗ್ರೀಸ್ ಹೊಡೆಯುವುದು ತೊಳೆದ ಮೇಲೆಯೇ ಇರಲಿ. ಪ್ರೆಶರ್ ನೀರು ಹಳೆ ಗ್ರೀಸನ್ನು ತಳ್ಳಿ ಅದರ ಜಾಗದಲ್ಲಿ ಕೂತಿರುತ್ತದೆ. ಹೊಸ ಗ್ರೀಸ್ ಹೋದಾಗ ಆ ನೀರು ಹೊರಗೆ ಬರುತ್ತದೆ.

ನಿಮ್ಮ ಜಾಮ್ ಆದ ಗಾಡಿಗೆ ಆಗಿದ್ದು ಇದೇ ಅಂತ ಕಾಣುತ್ತದೆ. ಹಸಿ ಲೈನಿಂಗನ್ನು ಹ್ಯಾಂಡ್ ಬ್ರೇಕ್ ರಾತ್ರಿಯಿಡೀ ಡ್ರಮ್ಮಿಗೆ ಒತ್ತಿ ಹಿಡಿದಿತ್ತು. ನಡುವೆ ತುಕ್ಕು ಹುಟ್ಟಿ ಎರಡೂ ಅಂಟಿಕೊಂಡವು. ಸಂಜೆ ಮೇಲೆ ತೊಳೆಯಲೇಬೇಕಾದರೆ ಬ್ರೇಕ್ ಒಣಗಿಸಿ ಆಮೇಲೆ ನಿಲ್ಲಿಸಿ. ಅದಕ್ಕೂ ಆಗದಿದ್ದರೆ ಸಮ ನೆಲದಲ್ಲಿ ಚಕ್ರಗಳ ಎರಡೂ ಕಡೆ ಗಟ್ಟಿ ಅಡ್ಡ ಕೊಟ್ಟು ಹ್ಯಾಂಡ್ ಬ್ರೇಕ್ ಬಿಟ್ಟು ನಿಲ್ಲಿಸಿ. ತೊಳೆಯಲು ಮಾಡಿದ ಇಳಿಜಾರಿನ ಮೇಲೆ ಮಾತ್ರ ಹಾಗೆ ಮಾಡಬೇಡಿ.

ಆವತ್ತು ಬೆಳಿಗ್ಗೆ ಡ್ರೈವರ್ ಗೇರ್ ಹಾಕಿ ಜೋರಾಗಿ ಎಳೆದು ಬಿಡಿಸಿದನಾ, ಅಥವಾ ಮೆಕ್ಯಾನಿಕ್ ಬಂದು ಬಿಡಿಸಿದರಾ, ನೀವು ಬರೆದಿಲ್ಲ. ಎಳೆದು ಬಿಡಿಸಿದ್ದರೆ ಲೈನಿಂಗ್ ತನ್ನನ್ನು ಹಿಡಿದಿರುವ ಬ್ರೇಕ್ ಶೂವಿನಿಂದ ಕಿತ್ತಿರಬಹುದು, ಬಿರುಕು ಬಿಟ್ಟಿರಬಹುದು. ಸಪಾಟು ರಸ್ತೆಯಲ್ಲಿ ಅದು ಗೊತ್ತಾಗುವುದಿಲ್ಲ. ಆ ಗಾಡಿ ಅಂಕೋಲಾ ಕಡೆ ಲೋಡ್ ತುಂಬಿಕೊಂಡು ಅರಬೈಲು ಘಟ್ಟ ಇಳಿಯುವ ಮೊದಲು ಹಿಂದಿನ ಎರಡೂ ಡ್ರಮ್ ಬಿಚ್ಚಿಸಿ ನೋಡಿ.